ಎಯಾಸಿ ದಂಡೆಯಲ್ಲಿ ಕಳೆದ ಕರಡಿಗೆ

ಸೇಡಂನ ಅಕ್ಕನ ಮನೆಯಲ್ಲಿ ಉದ್ದಿನ ಹಪ್ಪಳಕ್ಕೆಂದು ಪಾಪಡಖಾರ ಎಂಬ ಸವಳುಪ್ಪು ನೀರಿನಲ್ಲಿ ಕುದಿಯುತ್ತಿತ್ತು. ನಾನು ಆಗಷ್ಟೇ ಬಸ್ಸಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಹಬೆ ಮೂಗಿಗೆ ಹತ್ತಿದ್ದೇ ತಡ, ನಾಲಿಗೆಯ ತುದಿ ಜುಮ್ಮೆಂದಿತು, ತುಟಿ ಒಣಗಿತು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಅಂಗಳಕ್ಕೆ ಇಳಿದೆ.

“ಈಗರೆ ಬಂದಿ, ಮತ್ತೆಲ್ಲಿ ಹೊಂಟಿ? ಕುಂದ್ರೋ, ಚಾ ಮಾಡ್ತೀನಿ,” ಎಂದಳು ಅಕ್ಕ.

“ಕುಂದ್ರಾಕ ಮನಸ್ಸಾಗವಲ್ದು ಅಕ್ಕಾ.”

“ನಿನಗ ಯಾವತ್ತ ಆಗ್ಯಾದ? ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟೀದಿ.”

ಅವಳ ಮಾತು ಅರ್ಧ ಸುಳ್ಳು. ಹುಟ್ಟಿದಾಗಿನಿಂದ ನಾನು ಹೀಗಿರಲಿಲ್ಲ. ಒಂದು ಕಾಲಕ್ಕೆ ಗೋದಾಮಿನ ಚೀಲದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅಲುಗಾಡದೆ ಕೂರುತ್ತಿದ್ದೆ. ಈ ಚಡಪಡಿಕೆ ಹತ್ತಿದ್ದು ಆಫ್ರಿಕಾದಲ್ಲಿ, ಸವಳು ಖಾರದ ಒಂದು ಕೆರೆಯ ದಂಡೆಯಲ್ಲಿ. ಅಲ್ಲಿ ಗಾಳಿ ಬೀಸಿದರೆ ಇದೇ ವಾಸನೆ, ಇದೇ ರುಚಿ.

ನಾನು ಚಿತ್ತಾಪುರದವನು. ತೊಗರಿ ನೋಡುವುದು ನನ್ನ ಕೆಲಸ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹೊರಳಿಸಿ, ಎರಡು ಕಾಳು ಹಲ್ಲಿಗೆ ಕೊಟ್ಟು, ಇದು ಬೇಳೆಗೆ ಆದೀತು, ಇದು ಆಗದು ಎಂದು ಹೇಳುವವನು. ನಮ್ಮ ಸೀಮೆಯ ತೊಗರಿಗೆ ನೆಟೆರೋಗ ಬಡಿದ ವರ್ಷ ಮಿಲ್ಲಿನ ಸಾವಕಾರರು, “ಟಾಂಜಾನಿಯಾದಾಗ ಸುಗ್ಗಿ ನಡದದ. ಹೋಗಿ ಒಂದು ಹಂಗಾಮು ಮಾಲು ನೋಡಿ ಬಾ ಶರಣಪ್ಪಾ,” ಎಂದರು. ಚಿಂಚೋಳಿ ದಾಟಿ ತಾಂಡೂರಿನವರೆಗೆ ಹೋದದ್ದೇ ನನ್ನ ಮಟ್ಟಿಗೆ ದೇಶಸಂಚಾರ. ಆದರೂ ಹೂಂ ಎಂದೆ.

ಮುಂಬೈ ರೈಲು ಹತ್ತಿಸಲು ಅವ್ವ ವಾಡಿ ಸ್ಟೇಶನ್ನಿಗೆ ಬಂದಿದ್ದಳು. ವಿಮಾನದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಂಗಿಯ ಮೇಲಿನಿಂದಲೇ ನನ್ನ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ ನೋಡಿದಳು. ಅದರೊಳಗೆ ಇಷ್ಟಲಿಂಗ. ನಾನು ಕೂಸಾಗಿದ್ದಾಗ ಮಠದ ಅಯ್ಯನವರು ಕಟ್ಟಿದ್ದು.

“ಇದು ಮೈಮ್ಯಾಲ ಇರೂ ತನಕ ನನಗ ಅಂಜಿಕಿ ಇಲ್ಲ. ಇದಕ್ಕ ತೋರಸದೆ ತುತ್ತು ಬಾಯಾಗ ಇಡಬ್ಯಾಡ,” ಎಂದಳು.

ನಮ್ಮ ಮನೆಯಲ್ಲಿ ಈ ಮಾತು ಬಲು ಗಟ್ಟಿ. ಅಜ್ಜನ ಲಿಂಗ ಒಮ್ಮೆ ಕಾಗಿಣಾ ಹೊಳೆಯಲ್ಲಿ ಜಾರಿಹೋದಾಗ, ಅದು ಸಿಗುವವರೆಗೆ ಮನೆಯ ಒಲೆಯೇ ಹೊತ್ತಿರಲಿಲ್ಲವಂತೆ. ಲಿಂಗ ಕಳೆದವನಿಗೆ ಅನ್ನವಿಲ್ಲ. ಉಳಿದ ವಿಷಯದಲ್ಲಿ ನಾನು ಅಂಥ ನೇಮಸ್ಥನೇನಲ್ಲ, ಇದೊಂದರಲ್ಲಿ ಮಾತ್ರ ಹಟಮಾರಿ.

ನನ್ನನ್ನು ಇಳಿಸಿಕೊಂಡ ಊರು ಕರಾತು. ಕೆಂಪು ಮಣ್ಣು, ಚಳಿಗಾಳಿ, ಗುಡ್ಡದ ಇಳಿಜಾರಿನ ತುಂಬ ತೊಗರಿ. ಗೋದಾಮು ನೋಡಿಕೊಳ್ಳುತ್ತಿದ್ದವನು ಶಹಾಬಾದದ ಖಾಜಾಸಾಬ. ನನಗಿಂತ ಹಿರಿಯ, ನಾನು ಖಾಜಾಭಾಯಿ ಎನ್ನುತ್ತಿದ್ದೆ. ಬಹಳ ವರ್ಷಗಳಿಂದ ಅಲ್ಲಿದ್ದವನು, ಸ್ವಾಹಿಲಿಯನ್ನು ನೀರು ಕುಡಿದಂತೆ ಮಾತಾಡುತ್ತಿದ್ದ. “ಅಂಜಬ್ಯಾಡೋ, ಇಲ್ಲಿ ಚಾಕ್ಕ ಚಾಯ್ ಅಂತಾರ, ದುಕಾನಕ್ಕ ದುಕಾ ಅಂತಾರ. ಅರ್ಧ ಭಾಷಾ ನಿನಗ ಬಂದಂಗನ,” ಎಂದು ಮೊದಲ ದಿನವೇ ನಗಿಸಿದ. ಮೊದಲ ತಿಂಗಳು ಉಸಿರಾಡಲು ಪುರಸೊತ್ತಿರಲಿಲ್ಲ. ರೈತರು ಕತ್ತೆಗಳ ಮೇಲೆ, ಸೈಕಲ್ ಮೇಲೆ, ತಲೆಯ ಮೇಲೆ ಚೀಲ ತಂದು ಸುರಿಯುತ್ತಿದ್ದರು. ಕಾಳು ಕಚ್ಚೀ ಕಚ್ಚೀ ನನ್ನ ದವಡೆ ನೋಯುತ್ತಿತ್ತು.

ಆಮೇಲೆ ಒಂದು ದಿನ ಸಾವಕಾರರ ಫೋನು ಬಂತು. ದರ ಬಿದ್ದಿದೆ, ನಾನು ಹೇಳುವವರೆಗೆ ಒಂದು ಕಾಳೂ ಮುಟ್ಟಬೇಡಿ ಎಂದರು. ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಕೆಲಸವಿಲ್ಲದ ಪರದೇಶ ಎಂದರೆ ಜೈಲು. ರೈತರು ಬಾಗಿಲಿಗೆ ಬಂದು ನನ್ನ ಮುಖ ನೋಡಿ ಹಿಂದಿರುಗುತ್ತಿದ್ದರು. ನಾನು ಗೋದಾಮನ್ನು ಸುತ್ತುತ್ತಿದ್ದೆ, ಗೇಟಿನವರೆಗೆ ಹೋಗುತ್ತಿದ್ದೆ, ಫೋನು ನೋಡುತ್ತಿದ್ದೆ, ಮತ್ತೆ ಸುತ್ತುತ್ತಿದ್ದೆ. ನೋಡಿ ನೋಡಿ ಖಾಜಾಭಾಯಿಗೆ ತಲೆ ಚಿಟ್ಟು ಹಿಡಿಯಿತು.

“ಗಾಣದ ಎತ್ತು ಸೈತ ನಿನಕಿಂತ ಬೇಶಿ. ನಡಿ, ಕೆಳಗ ಎಯಾಸಿ ಕೆರಿಗೆ ಹೋಗಿ ಬರೂಣು. ಅಲ್ಲಿ ಹಾಡ್ಜಾ ಮಂದಿ ಇರ್ತಾರ. ಬ್ಯಾಟಿ ಆಡಿ, ಗೆಡ್ಡಿ ಅಗದು ತಿಂತಾರ. ನನಗ ಗುರ್ತಿನವರು ಅದಾರ,” ಎಂದ.

ಜೀಪು ಗುಡ್ಡ ಇಳಿಯುತ್ತಿದ್ದಂತೆ ಚಳಿ ಹೋಗಿ ಸೆಕೆ ಬಂತು. ಉಳ್ಳಾಗಡ್ಡಿಯ ಹೊಲಗಳು ಮುಗಿದ ಮೇಲೆ ಬರೀ ಮುಳ್ಳುಕಂಟಿ, ಧೂಳು. ಅದರಾಚೆ ಕೆರೆ. ಕೆರೆ ಎಂದರೆ ನಾನು ನೀರು ಅಂದುಕೊಂಡಿದ್ದೆ. ಬೇಸಿಗೆ ಏರಿದ ಆ ದಿನಗಳಲ್ಲಿ ನೀರು ಎಲ್ಲೋ ದೂರದಲ್ಲಿ ಒಂದು ಗೆರೆಯಾಗಿತ್ತು. ಇತ್ತ ಮೈಲುಗಟ್ಟಲೆ ಬೆಳ್ಳನೆಯ ಉಪ್ಪಿನ ಹೆಪ್ಪು, ಕಾಲಿಟ್ಟರೆ ಕರಕರ ಎನ್ನುವಂಥದು. ಆ ನೀರಿನ ಗೆರೆಗುಂಟ ಗುಲಾಬಿ ಬಣ್ಣದ ಉದ್ದಕಾಲಿನ ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಹಿಂದೆ ಗೋಡೆಯಂತೆ ಎದ್ದ ಬೆಟ್ಟ.

“ನಮ್ಮ ಶಹಾಬಾದದಾಗ ಫರ್ಸಿಕಲ್ಲು ಪಾಲೀಶ್ ಮಾಡಿದ ರಾಡಿ ಒಣಗಿರ್ತದಲ್ಲ, ಥೇಟ್ ಹಂಗ,” ಎಂದ ಖಾಜಾಭಾಯಿ. ಊರು ಬಿಟ್ಟು ಅಷ್ಟು ವರ್ಷವಾದರೂ ಅವನ ಅಳತೆಗೋಲು ಶಹಾಬಾದವೇ.

ಹಾಡ್ಜಾಗಳ ಬಿಡಾರ ಒಂದು ದೊಡ್ಡ ಬಾವೋಬಾಬ್ ಮರದ ಬುಡದಲ್ಲಿತ್ತು. ಸವಣೂರಿನಲ್ಲಿ ದೊಡ್ಡಹುಣಸೆ ಎನ್ನುತ್ತಾರಲ್ಲ, ಅದೇ ಮರ. ಹುಲ್ಲಿನ ನಾಲ್ಕಾರು ಗೂಡುಗಳು, ಒಂದು ಬೆಂಕಿ, ಬಿಲ್ಲು ಬಾಣ, ಇಷ್ಟೇ ಸಂಸಾರ. ಮಾತಿನ ನಡುವೆ ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರು. ಅವರಲ್ಲಿ ಕೆಲವರಿಗೆ ಸ್ವಾಹಿಲಿ ಬರುತ್ತಿದ್ದುದರಿಂದ ಖಾಜಾಭಾಯಿಯ ಮೂಲಕ ಮಾತು ನಡೆಯಿತು. ಬೇಟೆಗೆ ಹೊರಟ ಗಂಡಸರ ಹಿಂದೆ ನಾವೂ ಹೊರಟೆವು. ಬೇಟೆ ನೋಡುವ ಆಸೆ ನನಗಿರಲಿಲ್ಲ. ಕೂರಲಾಗದೆ ಹೋದೆ, ಅಷ್ಟೇ. ಅವರು ಕಂಟಿಗಳ ನಡುವೆ ಗಾಳಿಯಂತೆ ನುಸುಳುತ್ತಿದ್ದರು. ನಮ್ಮನ್ನು ಮುಳ್ಳುಗಳು ಹೆಜ್ಜೆ ಹೆಜ್ಜೆಗೂ ಹಿಡಿದು ನಿಲ್ಲಿಸುತ್ತಿದ್ದವು. ನನ್ನ ಅಂಗಿ ಎದೆಯ ಹತ್ತಿರ ಹರಿಯಿತು. ಬೇಟೆ ಏನೂ ಸಿಗಲಿಲ್ಲ.

ಹಿಂದಿರುಗಿದಾಗ ಹೆಂಗಸರು ಗೆಡ್ಡೆಗಳನ್ನು ಬೆಂಕಿಯಲ್ಲಿ ಸುಟ್ಟಿದ್ದರು. ಒಬ್ಬ ಅಜ್ಜಿ ಒಂದು ತುಂಡನ್ನು ಸುಲಿದು ನನ್ನ ಕೈಗಿಟ್ಟಳು. ನನಗೆ ಹಸಿವೆಯೋ ಹಸಿವೆ. ತಿನ್ನುವ ಮುಂಚೆ ರೂಢಿಯಂತೆ ಎಡಗೈ ಎದೆಗೆ ಹೋಯಿತು. ಕರಡಿಗೆ ಇಲ್ಲ. ಶಿವದಾರದ ತುಂಡೊಂದು ಬೆವರಿಗೆ ಅಂಟಿಕೊಂಡಿತ್ತು, ಅಷ್ಟೇ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ಅಕ್ಷರಶಃ ಹಾಗಾಯಿತು. ಗೆಡ್ಡೆಯನ್ನು ಎಲೆಯ ಮೇಲಿಟ್ಟು ಎದ್ದೆ. ಬಂದ ದಾರಿಯಲ್ಲಿ ಓಡಿದೆ, ಕಂಟಿ ಕಂಟಿಯ ಬುಡ ಕೆದಕಿದೆ. ಮೈಯೆಲ್ಲ ಗೀರಿತು. ಖಾಜಾಭಾಯಿ ಹಿಂದೆಯೇ ಬಂದ, ಬರಿದಾದ ನನ್ನ ಕೊರಳು ನೋಡಿ ತಾನೂ ಹುಡುಕಿದ. ಹೊತ್ತು ಇಳಿಯುವವರೆಗೆ ಹುಡುಕಿದರೂ ಸಿಗಲಿಲ್ಲ.

ಫೋನು ಸಿಗುತ್ತಿದ್ದುದು ಬಿಡಾರದ ಹಿಂದಿನ ಬಂಡೆಗಲ್ಲಿನ ಮೇಲೆ ಮಾತ್ರ. ಅವ್ವನ ಫೋನು ದಿನಾ ಸಂಜೆ ಬರುತ್ತಿತ್ತು, ತಪ್ಪುತ್ತಿರಲಿಲ್ಲ. ಅವಳ ಮೊದಲ ಮಾತೂ ಎಂದಿಗೂ ಬದಲಾಗುತ್ತಿರಲಿಲ್ಲ.

“ಉಂಡೇನೋ ಶರಣಾ?”

ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದರೆ ನಿಜವೇ ಬಂತು. “ಇಲ್ಲವ್ವಾ. ಕರಡಿಗಿ ಕಳದದ.”

ಅವ್ವ ಮೆಲ್ಲಗೆ ಹೇಳಿದಳು. “ಹುಡುಕು. ಸಿಗೂ ತನಕ ನಾನೂ ಉಣ್ಣಂಗಿಲ್ಲ.”

“ಅವ್ವಾ, ನಿನಗ ಸಕ್ಕರಿ ಬ್ಯಾನಿ ಅದ! ಗುಳಿಗಿ ತಗೊಂಡು ಉಪಾಸ ಇದ್ರ—”

“ಮಾವನವರ ಲಿಂಗ ಹ್ವಾದಾಗ ನಮ್ಮತ್ತಿ ಉಂಡಿದ್ದಿಲ್ಲ. ನೀ ಹುಡುಕು.” ಫೋನು ಇಟ್ಟಳು.

ನನ್ನ ಹೊಟ್ಟೆಯದು ನನಗೆ ದೊಡ್ಡದಾಗಿರಲಿಲ್ಲ. ಹಿಂದೊಮ್ಮೆ ಹಬ್ಬದ ದಿನ ಊಟ ತಡವಾಗಿ ಅವ್ವ ಪೂಜೆಯ ಮುಂದೆಯೇ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಈಗ ಸಮುದ್ರದಾಚೆ ಅವಳು ತಾಟು ಸರಿಸಿ ಕೂತಿದ್ದಾಳೆ, ನಾನು ಇಲ್ಲಿ ಮುಳ್ಳಿನ ನಡುವೆ. ಹೆಂಡತಿಗೆ ಫೋನು ಮಾಡಿ, ಹ್ಯಾಗಾದರೂ ಮಾಡಿ ಉಣಿಸು ಎಂದೆ. “ನಾ ಹೇಳಿದ್ರ ಅತ್ತಿ ಕೇಳ್ತಾರೇನ್ರಿ? ತಾಯಿ ಹಟ ಮಗಗ, ಮಗನ ಹಟ ತಾಯಿಗೆ,” ಎಂದು ಅವಳು ಅಳತೊಡಗಿದಳು.

ಆ ರಾತ್ರಿ ಬಿಡಾರದಲ್ಲೇ ಕಳೆದೆವು. ಸುದ್ದಿ ಬಂದದ್ದು ಬೆಳಗ್ಗೆ, ತೀರ ಸಹಜವಾಗಿ. ಬೇಟೆಯಲ್ಲಿ ನಮ್ಮ ಹಿಂದೆ ನಡೆದು ಬಂದಿದ್ದ ಒಬ್ಬ ಮುದುಕನನ್ನು ಖಾಜಾಭಾಯಿ ಕೇಳಿದ. ಹೌದು, ಮುಳ್ಳಿನಲ್ಲಿ ಹೊಳೆಯುವ ಡಬ್ಬಿ ಸಿಕ್ಕಿತ್ತು ಎಂದ ಅವನು. ನನ್ನ ಜೀವ ಬಂದಂತಾಯಿತು. ಎಲ್ಲಿದೆ ಎಂದರೆ, ಮುದುಕ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ನಿನ್ನೆಯೇ ಜೂಜಿನಲ್ಲಿ ಸೋತನಂತೆ.

ಆ ಜೂಜನ್ನು ಬಿಡಾರಕ್ಕೆ ಬಂದಾಗ ನಾನೂ ನೋಡಿದ್ದೆ. ಮರದ ತೊಗಟೆಯ ಬಿಲ್ಲೆಗಳನ್ನು ಮರದ ಬುಡಕ್ಕೆ ಎಸೆಯುವುದು, ಅವು ಹೇಗೆ ಬೀಳುತ್ತವೆ ಎಂಬುದರ ಮೇಲೆ ಸೋಲು ಗೆಲುವು. ಬಾಣ, ಚಾಕು, ಮಣಿಸರ ಏನನ್ನು ಬೇಕಾದರೂ ಪಣಕ್ಕಿಡುತ್ತಾರೆ. ನಿನ್ನೆ ನಾನು ಕಂಟಿಗಳ ಬುಡ ಕೆದಕುತ್ತಿದ್ದಾಗ, ಬಿಡಾರದ ಆಚೆ ಬದಿ ನನ್ನ ಲಿಂಗ ಆಟದಲ್ಲಿತ್ತು! ಗೆದ್ದವನು ಜೇನು ತೆಗೆಯಲು ಬೆಟ್ಟದ ಬುಡದ ಬಿಡಾರಕ್ಕೆ ಹೋಗಿದ್ದಾನೆ ಎಂದರು.

“ಈ ಮುದುಕ ನಮಗ ಹೇಳಬಾರದಿತ್ತೇನು? ನಾ ಕಣ್ಣಮುಂದ ಹುಚ್ಚನಂಗ ತಿರಗಾಕತ್ತಿದ್ದೆ!” ಎಂದು ನಾನು ಖಾಜಾಭಾಯಿಯ ಮೇಲೆ ಹರಿಹಾಯ್ದೆ.

“ನಾವು ಏನು ಹುಡುಕಾಕತ್ತೀವಿ ಅಂತ ಬಾಯಿಬಿಟ್ಟು ಯಾರಿಗರೆ ಹೇಳಿದ್ವೇನು? ನಾಚಿಕಿ ಪಟ್ಟು ಇಬ್ಬರೇ ಮುಳ್ಳಾಗ ಬಿದ್ದು ಒದ್ದಾಡಿದ್ವಿ. ಕೇಳಿದ್ದರ ನಿನ್ನೇನ ಹೇಳ್ತಿದ್ದ.”

ಕೂಡಲೇ ಬೆಟ್ಟದ ಬುಡದ ಬಿಡಾರಕ್ಕೆ ಹೊರಟೆವು. ಜೀಪು ಹೋಗದ ದಾರಿ. ಕೆರೆಯ ಅಂಚು ಹಿಡಿದು ನಡೆದೆವು. ಬಿಸಿಲಿಗೆ ಬಿಳಿ ನೆಲ ಕಣ್ಣು ಕುಕ್ಕುತ್ತಿತ್ತು. ಗಾಳಿಯ ಖಾರ ತುಟಿಯ ಬಿರುಕುಗಳಿಗೆ ಹೊಕ್ಕು ಉರಿಯುತ್ತಿತ್ತು. ನೀರು ಮಾತ್ರ ಕುಡಿದೆ. ನೀರು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಹೊಟ್ಟೆ ತಾಳ ಹಾಕುತ್ತಿತ್ತು. ಚಿತ್ತಾಪುರದಲ್ಲಿ ಈಗ ಎಷ್ಟು ಗಂಟೆ, ಅವ್ವ ಎದ್ದಿದ್ದಾಳೋ ಮಲಗಿದ್ದಾಳೋ ಎಂಬ ಯೋಚನೆಯೇ ನನ್ನನ್ನು ಮುಂದೆ ದಬ್ಬುತ್ತಿತ್ತು.

ಬೆಟ್ಟದ ಬುಡದ ಬಿಡಾರದಲ್ಲಿ ಆ ಜೇನಿನವನು ಸಿಕ್ಕ. ಅವನೂ ಸೋತಿದ್ದ! ಹೇಳುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ಡಬ್ಬಿಯೂ ಹೋಯಿತು, ಎರಡು ಬಾಣವೂ ಹೋದವು ಎಂದ. ಗೆದ್ದವನ ಹೆಸರು ಹಮಿಸಿ, ಇರುವುದು ಇನ್ನೂ ಮುಂದೆ ಬಂಡೆಗಳ ಕೆಳಗೆ. ಜೇನಿನವನು ಒಂದು ಎಲೆ ತುಂಬ ಜೇನುಹುಟ್ಟಿನ ಚೂರು ನನ್ನ ಮುಂದೆ ಹಿಡಿದ. ನಾನು ಬೇಡವೆಂದೆ. ಅವನ ನಗು ನಿಂತಿತು. ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಗೂಡಿನೊಳಗೆ ಹೋದಳು.

“ನೀ ಸಿಟ್ಟಿಗೆದ್ದೀ ಅಂತ ತಿಳಕೊಂಡಾರ. ಕೊಟ್ಟಿದ್ದು ತಿನ್ನಲಾರದವ ಜಗಳಕ್ಕ ಬಂದಾನ ಅಂತ,” ಎಂದ ಖಾಜಾಭಾಯಿ. ಇವನ ಕೊರಳಿನ ದೇವರು ಕಳೆದಿದ್ದಾನೆ, ಸಿಗುವವರೆಗೆ ಇವನೂ ಇವನ ತಾಯಿಯೂ ಉಣ್ಣುವುದಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದ. ಅವರು ತಮ್ಮತಮ್ಮಲ್ಲೇ ಬಹಳ ಹೊತ್ತು ಮಾತಾಡಿದರು. ಆಮೇಲೆ ಜೇನಿನವನು ತಾನೇ ಬಿಲ್ಲು ಎತ್ತಿಕೊಂಡು ನಮ್ಮ ಮುಂದೆ ನಡೆದ.

ದಾರಿಯುದ್ದಕ್ಕೂ ನಾನು ವ್ಯಾಪಾರ ಕಟ್ಟಿದೆ. ಹಮಿಸಿ ಗೆದ್ದ ಮಾಲು, ಸುಮ್ಮನೆ ಕೊಡುವವನಲ್ಲ. ಮೊದಲು ತಂಬಾಕು ತೋರಿಸಬೇಕು. ಅದಕ್ಕೆ ಬಗ್ಗದಿದ್ದರೆ ಚಾಕು, ಆಮೇಲೆ ಟಾರ್ಚು, ಕಡೆಗೆ ಕೈಗಡಿಯಾರ. ಮೊದಲೇ ಗಡಿಯಾರ ತೋರಿಸಿದರೆ ಕೆಟ್ಟೆ. ಇಡೀ ಆಯುಷ್ಯ ಚೌಕಾಸಿಯಲ್ಲೇ ಕಳೆದವನು ನಾನು, ಈ ವ್ಯಾಪಾರದ ಲೆಕ್ಕವನ್ನು ಮಾತ್ರ ಹೆಜ್ಜೆಗೊಮ್ಮೆ ತಿದ್ದುತ್ತಿದ್ದೆ.

ಹಮಿಸಿ ಬಂಡೆಯ ನೆರಳಲ್ಲಿ ಬಾಣ ನೆಟ್ಟಗೆ ಮಾಡುತ್ತ ಕೂತಿದ್ದ. ನಡುವಯಸ್ಸಿನ, ಸಪೂರ ಮೈಯ ಮನುಷ್ಯ. ಅವನ ಎದೆಯ ಮೇಲೆ, ಯಾವುದೋ ಪ್ರಾಣಿಯ ನರದಲ್ಲಿ ಪೋಣಿಸಿದ ನನ್ನ ಕರಡಿಗೆ! ನನಗೆ ಕೋಪ, ಸಂಕಟ, ಸಂತೋಷ ಎಲ್ಲ ಒಟ್ಟಿಗೇ ಬಂದವು. ತಂಬಾಕು ತೆಗೆಯುವುದೂ ಮರೆತುಹೋಯಿತು. ಕೈಚಾಚಿ, “ಅದು ನಂದು. ಕೊಡು,” ಎಂದೆ, ಕನ್ನಡದಲ್ಲೇ.

ಅವನು ಒಮ್ಮೆ ನನ್ನ ಮುಖ ನೋಡಿದ. ಕೊರಳಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು ಮತ್ತೆ ಬಾಣ ಹಿಡಿದ. ಏನೂ ಕೇಳಲಿಲ್ಲ.

“ಇವರಲ್ಲಿ ಹಂಗ. ಕೇಳಿದವರಿಗೆ ಇಲ್ಲ ಅನ್ನಂಗಿಲ್ಲ,” ಎಂದ ಖಾಜಾಭಾಯಿ.

ಮುಚ್ಚಳ ತೆಗೆದೆ. ಲಿಂಗ ಹಾಗೆಯೇ ಇತ್ತು. ಆ ನರವನ್ನು ಬಿಚ್ಚಿ, ಟವೆಲ್ಲಿನ ಅಂಚಿನ ದಾರ ಹಿಸಿದು ಹೊಸೆದು ಪೋಣಿಸಿದೆ. ಕೈಕಾಲು ತೊಳೆದು, ಬಂಡೆಯ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡೆ. ಅತ್ತುಬಿಟ್ಟೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಆಮೇಲೆ ಅವರು ಕೊಟ್ಟ ಸುಟ್ಟ ಗೆಡ್ಡೆ, ಬಾವೋಬಾಬಿನ ಹುಳಿಹಿಟ್ಟು, ಜೇನು, ಎಲ್ಲವನ್ನೂ ತಿಂದೆ. ಗೆಡ್ಡೆಯ ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟು ರುಚಿಯ ಊಟ ನಾನು ಮದುವೆಯ ಪಂಕ್ತಿಯಲ್ಲೂ ಉಂಡಿಲ್ಲ.

ನಾನು ಉಂಡದ್ದನ್ನು ನೋಡಿ ಎಲ್ಲರೂ ಹತ್ತಿರ ಬಂದರು. ಒಬ್ಬ ತಂಬಾಕು ಕೇಳಿದ, ಕೊಟ್ಟೆ. ಚಾಕು ಕೇಳಿದರು, ಟಾರ್ಚು ಕೇಳಿದರು, ಕೊಟ್ಟೆ. ಹಮಿಸಿ ಹರಿದ ಅಂಗಿಯನ್ನು ಕೇಳಿದ, ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ನಿಂತೆ. ಗಡಿಯಾರವನ್ನು ಕೇಳುವ ಮುಂಚೆಯೇ ಬಿಚ್ಚಿದೆ. ಕೊಡುವುದು ಎಷ್ಟು ಹಗುರ ಎನಿಸಿತು. ನಾವೇನು ಕಮ್ಮಿ, ದಾಸೋಹದ ಮಂದಿ ಎಂದು ಒಳಗೊಳಗೇ ಹಿಗ್ಗಿದೆ.

ಆಗ ಹಮಿಸಿ ನನ್ನ ಎದೆಯತ್ತ ಬೆರಳು ತೋರಿಸಿ ಕೈಚಾಚಿದ. ಸ್ವಲ್ಪ ಹೊತ್ತಿನ ಹಿಂದೆ ನಾನು ಚಾಚಿದ್ದೆನಲ್ಲ, ಅದೇ ರೀತಿ.

ನನ್ನ ಮುಷ್ಟಿ ತಾನಾಗಿಯೇ ಕರಡಿಗೆಯನ್ನು ಮುಚ್ಚಿತು. “ಇದೊಂದು ಬಿಟ್ಟು,” ಎಂದೆ.

ಹಮಿಸಿಗೆ ಸಿಟ್ಟು ಬರಲಿಲ್ಲ. ಏನೋ ಹೇಳಿದ. “ಈಗ ಬ್ಯಾಡಾದ್ರ ಬಿಡು, ನಿನ್ನ ಕೆಲಸ ಮುಗಿದ ಮ್ಯಾಲ ಕೊಡು ಅಂತಾನ,” ಎಂದ ಖಾಜಾಭಾಯಿ.

“ಇದು ಮುಗಿಯೂ ಅಂಥಾದ್ದಲ್ಲ ಅಂತ ಹೇಳು. ನಾ ಸತ್ರ ಅಂಗೈಯಾಗ ಇದನ್ನ ಇಟ್ಟು ಮಣ್ಣಾಗ ಕುಂದರಸ್ತಾರ ಅಂತ ಹೇಳು.”

ಖಾಜಾಭಾಯಿ ಅದನ್ನು ಸ್ವಾಹಿಲಿಯಲ್ಲಿ ಹೇಳಿದ. ಹಮಿಸಿ ತನ್ನ ಭಾಷೆಯಲ್ಲಿ ಉಳಿದವರಿಗೆ ಹೇಳಿದ. ಮೊದಲು ಯಾರೂ ನಂಬಲಿಲ್ಲವೇನೋ, ಎಲ್ಲರೂ ನನ್ನ ಮುಷ್ಟಿಯನ್ನೇ ನೋಡಿದರು. ಆಮೇಲೆ ಒಬ್ಬ ನಕ್ಕ. ಇನ್ನೊಬ್ಬ ನಕ್ಕ. ಹೆಂಗಸರು ತೊಡೆ ತಟ್ಟಿಕೊಂಡು ನಕ್ಕರು. ಜೇನಿನವನು ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡ.

“ಏನಂತಾರ?” ಎಂದೆ.

“ಸತ್ತ ಮ್ಯಾಲೂ ಕೊಡಂಗಿಲ್ಲಂತ! ಸತ್ತ ಮ್ಯಾಲೂ! ಅಂತ ನಗಾಕತ್ತಾರ,” ಎಂದ ಖಾಜಾಭಾಯಿ. ಅವನ ಮೀಸೆಯೂ ಕುಣಿಯುತ್ತಿತ್ತು.

ನನಗೆ ನಗು ಬರಲಿಲ್ಲ. ಕಿವಿ ಬಿಸಿಯಾದವು. ಗುರು ಕೊಟ್ಟದ್ದನ್ನು ಪರರ ಕೈಗೆ ಕೊಡಬಾರದು, ಅದು ನನಗೆ ಗೊತ್ತು, ಇವತ್ತಿಗೂ ಕೊಡುವವನಲ್ಲ. ಆದರೆ ಕೇಳಿದ ಕೂಡಲೇ ನನಗೆ ಸಿಕ್ಕಿತ್ತು, ಅವನು ಕೇಳಿದಾಗ ನಾನು ಇಲ್ಲವೆಂದೆ. ಈ ಎರಡೂ ನಿಜ, ಒಂದರ ಪಕ್ಕ ಒಂದು ಕೂರುವುದೇ ಇಲ್ಲ. ನಾವು ಹೊರಡುವಾಗ ಹಮಿಸಿ ಆಗಲೇ ಜೂಜಿಗೆ ಕೂತಿದ್ದ. ನನ್ನ ಅಂಗಿ ಬೇರೆ ಯಾರದೋ ಮೈಮೇಲಿತ್ತು.

ಮರುದಿನ ಸಾವಕಾರರ ಫೋನು ಬಂದು ಖರೀದಿ ಮತ್ತೆ ಶುರುವಾಯಿತು, ಹಂಗಾಮು ಮುಗಿಸಿಕೊಂಡು ನಾನು ಊರಿಗೆ ಬಂದೆ. ಅದೆಲ್ಲ ಮಾಮೂಲು. ನನ್ನನ್ನು ಇಂದಿಗೂ ಕೂರಲು ಬಿಡದಿರುವುದು ಕರಡಿಗೆ ಸಿಕ್ಕ ದಿನದ ಸಂಜೆ. ಅಷ್ಟು ದೂರ ಹಿಂದಕ್ಕೆ ನಡೆದು ಜೀಪು ಹತ್ತಿ, ಉಳ್ಳಾಗಡ್ಡಿಯ ಹೊಲ ದಾಟಿದ ಮೇಲೆ ಫೋನಿಗೆ ಜೀವ ಬಂತು. ಅವ್ವನಿಗೆ ಹಚ್ಚಿದೆ. ಅವಳ ದನಿ ಬಾವಿಯೊಳಗಿನಿಂದ ಬಂದಂತಿತ್ತು.

“ಸಿಕ್ತವ್ವಾ. ಮೈಮ್ಯಾಲ ಅದ. ಉಂಡೆ. ನೀನೂ ಉಣ್ಣು, ಈಗಿಂದೀಗ ಉಣ್ಣು.”

ಅವಳು ಅತ್ತಳು, ಆಮೇಲೆ ನಕ್ಕಳು. ಹೆಂಡತಿ ತಾಟು ತಂದಿಟ್ಟ ಸದ್ದು ನನಗೆ ಕೇಳಿಸಿತು. ಯಾರ ಹತ್ತಿರ ಸಿಕ್ಕಿತು ಎಂದು ಅವ್ವ ಕೇಳಿದಳು. ಒಬ್ಬ ಮನುಷ್ಯ, ಕೇಳಿದೆ, ಕೊಟ್ಟ ಎಂದೆ.

“ಅಂವ ಮನುಷ್ಯಾ ಅಲ್ಲೋ, ಆ ಶಿವನ ಬಂದಾನ,” ಎಂದಳು. ಬಾಯಲ್ಲಿ ತುತ್ತಿತ್ತು, ಮಾತು ತಡವರಿಸುತ್ತಿತ್ತು. “ಇನ್ನಾ ಅಲ್ಲೇ ಇದ್ರ ಹಂಗ ಬರಬ್ಯಾಡ ನೋಡಪಾ. ಅಂವ ಏನು ಕೇಳ್ತಾನ, ಅದನ್ನ ಕೊಟ್ಟು ಬಾ. ಇಲ್ಲ ಅನಬ್ಯಾಡ.”

ಹೂಂ ಅವ್ವಾ ಎಂದೆ. ಜೀಪು ಆಗಲೇ ಗುಡ್ಡ ಏರುತ್ತಿತ್ತು.